ಎಡೆಗೆ ಮುಂಚಿನ ಬೆಲ್ಲ

ನನ್ನ ತಂಗಿ ಬೆಲ್ಲ ಕೇಳಿದಳು. ನಾನು ಕೊಡಲಿಲ್ಲ. ಅವಳಿಗೆ ಏನಾಗುತ್ತಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಬಾಯಿ ಬಿಡದೆ ಎಲ್ಲರ ಜೊತೆ ನಿಂತು ಅವಳಿಗೆ ಕೈ ಮುಗಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದಿರುವುದು ಅದು ಹೇಗೆ ನಡೆಯಿತು ಎಂಬುದಷ್ಟೇ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಹೊಲಕ್ಕೆ ಆಳು ಸಾಲದೆ ಅಪ್ಪ ಬಿಡಿಸಿದರು. ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ತಂಗಿ ನನಗಿಂತ ಬಹಳ ಚಿಕ್ಕವಳು. ಅವಳನ್ನು ಮಾತ್ರ ಅಜ್ಜಿ, ಅಂದರೆ ಅಪ್ಪನ ಅವ್ವ, ಹಟ ಹಿಡಿದು ಸ್ಕೂಲಿಗೆ ಕಳಿಸಿದಳು. ಲೆಕ್ಕದಲ್ಲಿ ಚುರುಕು. ಆಲೂಗಡ್ಡೆ ಮೂಟೆ ತೂಗುವಾಗ ಅಪ್ಪ ಬೆರಳು ಮಡಚುತ್ತ ಕೂತಿದ್ದರೆ ಇವಳು ಬಾಗಿಲಲ್ಲಿ ನಿಂತು ಒಟ್ಟು ತೂಕ ಕೂಗಿ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಇದು ಅರವತ್ತನೇ ಇಸವಿಯ ಆಚೀಚಿನ ಮಾತು. ಅಜ್ಜಿ ಸತ್ತ ಮೇಲೆ ತಂಗಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಎಷ್ಟು ತಿಂದರೂ ಸೊರಗಿದಳು. ಅಜ್ಜಿಯ ಕೊರಗು ಎಂದುಕೊಂಡೆವು. ಬಚ್ಚಲಲ್ಲಿ ಅವಳು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುವುದನ್ನು ಅವ್ವ ಕಂಡು ಅಪ್ಪನಿಗೆ ಹೇಳುವ ಹೊತ್ತಿಗೆ ಅವಳು ಹಾಸಿಗೆಯಿಂದ ಏಳದಂತಾಗಿದ್ದಳು. ಗಾಡಿಯಲ್ಲಿ ರಸ್ತೆಗೆ ತಂದು, ಬಸ್ಸು ನಿಲ್ಲಿಸಿ, ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಕಾಯಿಲೆ ಎಂದರು. ಇಷ್ಟು ಚಿಕ್ಕವರಿಗೂ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಬದುಕಿರುವವರೆಗೂ ದಿನಾ ಬೆಳಿಗ್ಗೆ ಸೂಜಿ ಹಾಕಬೇಕು ಎಂದರು. ಅಪ್ಪನಿಗೆ ಸೂಜಿ ಕಂಡರೆ ತಲೆ ತಿರುಗುತ್ತಿತ್ತು. ಹೀಗಾಗಿ ಕಲಿತವನು ನಾನು.

ಅಲ್ಲಿದ್ದ ಲೇಡಿ ಡಾಕ್ಟರು ಗಾಜಿನ ಸಿರಿಂಜು ಕುದಿಸುವುದು, ಔಷಧಿ ಎಳೆಯುವುದು, ತೊಡೆಯ ಚರ್ಮ ಹಿಡಿದು ಚುಚ್ಚುವುದು ಎಲ್ಲ ಕಲಿಸಿದರು. ಮನೆಗೆ ಹೊರಡುವ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಇನ್ನೊಂದು ಪಾಠ ಹೇಳಿದರು.

"ನೋಡಪ್ಪ, ಸಕ್ಕರೆ ಹೆಚ್ಚಾಗೋದು ಒಂದು ಕಷ್ಟ. ಕಡಿಮೆ ಆಗೋದು ಅದಕ್ಕಿಂತ ಕಷ್ಟ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಒಳಗೆ ಊಟ ಆಗಬೇಕು. ಊಟ ತಪ್ಪಿದರೆ ಬೆವರ್ತಾಳೆ. ಕೈ ನಡುಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಹಸಿವು ಅಂತಾಳೆ. ತುಟಿ ಜೋಮು ಹಿಡಿಯುತ್ತೆ, ಕಣ್ಣು ಮಂಜಾಗುತ್ತೆ. ಕಾರಣ ಇಲ್ಲದೆ ಸಿಟ್ಟು ಮಾಡ್ತಾಳೆ. ಕುಡಿದವರ ಹಾಗೆ ಮಾತಾಡ್ತಾಳೆ. ಇದರಲ್ಲಿ ಯಾವುದು ಕಂಡರೂ ತಕ್ಷಣ ಸಕ್ಕರೆನೋ ಬೆಲ್ಲನೋ ತಿನ್ನಿಸು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಸುರೀಬೇಡ, ಉಸಿರಿಗೆ ಹೋಗುತ್ತೆ. ಕೆನ್ನೆ ಒಳಗೆ ಸ್ವಲ್ಪ ಸವರಿ ಇಲ್ಲಿಗೆ ಕರ್ಕೊಂಡು ಬಾ. ತಡ ಮಾಡಿದರೆ ತಲೆಗೆ ಪೆಟ್ಟು. ಎಲ್ಲಿ, ಈಗ ನೀನು ಹೇಳು."

ನಾನು ಒಂದೂ ಬಿಡದೆ ಹೇಳಿದೆ. "ಜಾಣ" ಎಂದರು. ಸ್ಕೂಲು ಬಿಟ್ಟ ಮೇಲೆ ನನ್ನನ್ನು ಯಾರೂ ಜಾಣ ಎಂದಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಮತ್ತೆ ಮತ್ತೆ ಒಪ್ಪಿಸಿಕೊಂಡೆ. ಆದರೆ ಮನೆಯಲ್ಲಿ ಅದನ್ನು ಯಾರಿಗೂ ಪೂರ್ತಿ ಹೇಳಲಿಲ್ಲ. ನನಗೊಬ್ಬನಿಗೇ ಗೊತ್ತಿದೆ ಎನ್ನುವುದು ನನಗೆ ಹಿತವಾಗಿತ್ತು. ಅಪ್ಪ, ಅವ್ವ ತಿಳಿದುಕೊಂಡಿದ್ದು ಒಂದೇ: ಸಿಹಿ ಇವಳಿಗೆ ವಿಷ. ಅವ್ವ ಬೆಲ್ಲದ ಮಡಕೆಯನ್ನು ಅಟ್ಟದ ಮೇಲಿಟ್ಟಳು.

ಔಷಧಿಯ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿ ಮರಳು ತುಂಬಿದ ಕುಡಿಕೆಯಲ್ಲಿ ಹೂತಿಡುತ್ತಿದ್ದೆ. ಬೆಳಿಗ್ಗೆ ಸೂಜಿ, ಅದರ ಹಿಂದೆಯೇ ಮುದ್ದೆ, ಸಾರು. ತಂಗಿ ಮತ್ತೆ ಸ್ಕೂಲಿಗೆ ಹೋಗುವಂತಾದಳು. ಮೈ ತುಂಬಿಕೊಂಡಿತು.

ಒಂದು ಸಲ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಳೆನರಸೀಪುರದಿಂದ ಬರುತ್ತಿದ್ದೆ. ಹೊಳೆಯ ಕಡೆ ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ನನ್ನ ಬೆನ್ನಿಗೆ ಗುದ್ದಿದಳು.

"ಎಮ್ಮೆ ಓದಂಗೆ ಓಗ್ತಿದ್ದೀಯಲ್ಲೋ! ನಿನ್ ಮೂತಿಗೆ ಯಾವೋಳು ಎಣ್ಣು ಕೊಡ್ತಾಳೋ!"

ಅವಳು ಹಾಗೆಲ್ಲ ಬಯ್ಯುವವಳಲ್ಲ. ಸೈಕಲ್ ನಿಲ್ಲಿಸಿ ನೋಡಿದರೆ ಕತ್ತಿನ ಹಿಂದೆ ಕೂದಲೆಲ್ಲ ಒದ್ದೆ. ತಂಪು ಹೊತ್ತು, ಬೆವರುವ ಕಾರಣವಿಲ್ಲ. ಮಧ್ಯಾಹ್ನದ ಬುತ್ತಿ ತಿಂದಿರಲಿಲ್ಲವಂತೆ. ರಸ್ತೆ ಪಕ್ಕದ ಅಂಗಡಿಯಲ್ಲಿ ಬೆಲ್ಲ ತೆಗೆದುಕೊಂಡು ಬಾಯಿಗೆ ಹಾಕಿದೆ. ಚೀಪಿದಳು. ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತಿದ್ದು, ಮೆಲ್ಲಗೆ ಕೇಳಿದಳು.

"ಅಣ್ಣಾ, ನಾನು ಬೈದ್ನಾ?"

"ಬೈದೆ. ಎಮ್ಮೆ ಅಂದೆ."

"ಅದು ನಾನಲ್ಲ ಕಣಣ್ಣ, ಸೂಜಿ," ಎಂದು ನಕ್ಕಳು. "ಎಮ್ಮೆ ಅನ್ನೋದು ಮಾತ್ರ ನಾನೂ ಅಂತೀನಿ."

ಅಂದಿನಿಂದ ನನ್ನ ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲದ ಚೂರು ಯಾವಾಗಲೂ ಇರುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಆಮೇಲೆ ಒಂದೆರಡು ಸಲ ತಾನೇ ಬಂದು ಜೇಬಿಗೆ ಕೈ ಹಾಕಿ ತೆಗೆದುಕೊಂಡಳು.

ಆ ವರ್ಷ ನನಗೆ ಹೆಣ್ಣು ಗೊತ್ತಾಯಿತು. ಚನ್ನರಾಯಪಟ್ಟಣದ ಕಡೆ ಬಾಗೂರಿನಲ್ಲಿದ್ದ ನಮ್ಮ ಅವ್ವನ ಅಣ್ಣ, ನನ್ನ ಮಾವ, ತಮ್ಮ ಮಗಳನ್ನು ಕೊಡುತ್ತೇನೆ ಎಂದರು. ಅಪ್ಪ ನನ್ನನ್ನು ಕೊಟ್ಟಿಗೆಗೆ ಕರೆದು ಹೇಳಿದರು: "ಕೂಸಿನ ಕಾಯ್ಲೆ ವಿಸ್ಯ ನಿಮ್ಮಾವನ ಕಿವಿಗೆ ಬೀಳಬಾರ್ದು ಕಣ್ಲಾ. ಮನೇಲಿ ಇಂಥದೈತೆ ಅಂದ್ರೆ ಎಣ್ಣು ಕೊಡಾಕೆ ಇಂದೇಟು ಆಕ್ತಾರೆ. ನಾಳೆ ಇವಳ್ನೂ ಯಾರೂ ಕೇಳಾಕಿಲ್ಲ." ನಾನು ಆಗಲಿ ಎಂದೆ. ನನಗೆ ಆ ಹುಡುಗಿ ಇಷ್ಟವಾಗಿದ್ದಳು.

ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತ ಹಿರಿಯರಿಗೆ ಆ ಪಕ್ಷದ ಒಂದು ದಿನ ಎಡೆ ಇಡುತ್ತೇವೆ. ಅವರು ಉಟ್ಟ ಬಟ್ಟೆ ಮಡಿಸಿಟ್ಟು, ಎದುರಿಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಆಚೆ ಬರಬೇಕು. ಅವರು ಬಂದು ಉಂಡು ಹೋದ ಮೇಲೆ ನಮ್ಮ ಊಟ. ಅಲ್ಲಿಯವರೆಗೆ ಮನೆಯವರು ಯಾರೂ ಒಂದು ಅಗುಳು ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಎಡೆ ಎಂಜಲಾಯಿತು, ಹಿರಿಯರು ಹಸಿದು ಹೋದರು ಎಂದು ಲೆಕ್ಕ. ಇದನ್ನೆಲ್ಲ ಕಣ್ಣಿಟ್ಟು ನಡೆಸುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ತೆ. ಗಂಡ ಸತ್ತ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಆ ವರ್ಷದ ಎಡೆಗೆ ಮಾವನನ್ನೂ ಕರೆದಿದ್ದೆವು, ಅವರು ಬಂದ ಮೇಲೇ ಎಡೆ ಎಂದಾಗಿತ್ತು.

ಎಡೆಯ ದಿನ ಬೆಳಿಗ್ಗೆ ನಾನು ಸಿರಿಂಜು ಕುದಿಸುತ್ತಿದ್ದಾಗ ತಂಗಿ ಬಂದಳು.

"ಅಣ್ಣಾ, ಎಡೆ ಆಗೋಗಂಟ ಏನೂ ಮುಟ್ಬ್ಯಾಡ ಅಂದವ್ಳೆ ಅತ್ತೆ. ಸೂಜಿ ಆಮೇಲೆ ಆಕಿದ್ರೆ ಆಗಾಕಿಲ್ವಾ?"

"ಮಾವ ಮೊದಲ್ನೇ ಬಸ್ಗೇ ಬತ್ತಾರೆ ಕಣಮ್ಮಿ. ಬಂದೇಟ್ಗೆ ಎಡೆ. ಸೂಜಿ ಒತ್ತು ಮೀರಿದ್ರೆ ಡಾಕ್ಟ್ರಮ್ಮ ಬೈತಾರೆ."

ಚುಚ್ಚಿದೆ. ಡಾಕ್ಟರು ಹೇಳಿದ್ದರಲ್ಲಿ ಅರ್ಧ ಪಾಲಿಸಿದೆ.

ಮೊದಲನೇ ಬಸ್ಸಿಗೆ ಮಾವ ಬರಲಿಲ್ಲ. ಅಡುಗೆ ಮುಗಿದು, ಕಜ್ಜಾಯ ಕರಿದು, ಮಾಂಸದ ಸಾರಿನ ವಾಸನೆ ಮನೆಯೆಲ್ಲ ತುಂಬಿತ್ತು. ನಾನು ಸ್ನಾನ ಮಾಡಿ, ಅಂಗಿಯನ್ನು ಪಡಸಾಲೆಯ ಗೂಟಕ್ಕೆ ಹಾಕಿ, ಬರೀ ಪಂಚೆಯಲ್ಲಿದ್ದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಂಗಿ ಹಿತ್ತಿಲ ಬಾಗಿಲಿಗೆ ನನ್ನನ್ನು ಕರೆದಳು.

"ಅಣ್ಣಾ, ಒಂದ್ ಚೂರು ಬೆಲ್ಲ ಕೊಡು. ತುಟಿ ಜುಮ್ಮಂತೈತೆ."

ಒಳಗೆ ಅತ್ತೆ ಕೂತಿದ್ದಳು. ನಾನು ಹೇಳಿದೆ: "ಒಸಿ ತಡಿಯಮ್ಮಿ. ಇನ್ನೇನು ಬಂದ್ಬುಡ್ತಾರೆ."

ಅವಳು ತುಟಿ ಒರೆಸಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಾವ ಬಂದರು. ನಮ್ಮಲ್ಲಿ ಯಾರೇ ಮನೆಗೆ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಬಳೆಗಾರನಿಗೂ ಅಷ್ಟೆ, ದಾರಿ ಕೇಳಿಕೊಂಡು ಬಂದವನಿಗೂ ಅಷ್ಟೆ. ಎಡೆಯ ನೇಮ ಮನೆಯವರಿಗೆ, ದಾರಿ ನಡೆದು ಬಂದವರಿಗಲ್ಲ. ಅವ್ವ ಅಟ್ಟದಿಂದ ಬೆಲ್ಲ ಇಳಿಸಿ ತಟ್ಟೆಗೆ ಹಾಕಿ ತಂಗಿಯ ಕೈಗೇ ಕೊಟ್ಟಳು. ಅವಳು ತಟ್ಟೆ, ಚೊಂಬು ಹಿಡಿದು ನಡುಮನೆ ದಾಟಿ ಬಂದಳು. ಚೊಂಬಿನ ನೀರು ತುಳುಕಿ ಮಾವನ ಕಾಲ ಮೇಲೆ ಬಿತ್ತು.

"ಏನವ್ವೋ, ಮಾವನ್ನ ಕಂಡ್ರೆ ಇಂಗೆ ನಡುಗ್ತೀಯ! ನಾನೇನ್ ನಿನ್ ಮೇಷ್ಟ್ರೇ?" ಎಂದು ಮಾವ ನಕ್ಕು ಬೆಲ್ಲ ಬಾಯಿಗೆ ಹಾಕಿಕೊಂಡರು. ಅವಳು ಅವರ ಬಾಯನ್ನೇ ನೋಡುತ್ತಿದ್ದಳು. ಅವಳ ರವಿಕೆಯ ಬೆನ್ನು ನೆನೆದು ಅಂಟಿಕೊಂಡಿತ್ತು. ನಾನು ನೋಡಿದೆ.

ಎಡೆ ಇಟ್ಟರು. ಅಜ್ಜಿಯ ಕೆಂಪಂಚಿನ ಸೀರೆಗೆ ಹೂವು ಮುಡಿಸಿದರು. ಅಪ್ಪ ಧೂಪ ಹಾಕಿದರು. ಹೊಗೆ ಎದ್ದಾಗ ಗೋಡೆಗೆ ಒರಗಿದ್ದ ತಂಗಿಯ ಮೈಯೆಲ್ಲ ನಡುಗಲು ಶುರುವಾಯಿತು. ಕಣ್ಣು ಎಲ್ಲೋ ಇತ್ತು. ಅಪ್ಪ ತಿರುಗಿ ನೋಡಿದರು.

"ಲೇ, ಏನ್ಲಾ ನೋಡ್ತೀಯ? ಕುಕ್ಕರ್ಸ್ಲಾ!" ಎಂದಳು ತಂಗಿ, ಅಪ್ಪನಿಗೆ. ನಾಲಿಗೆ ತೊದಲಿ ದನಿ ದಪ್ಪಗಾಗಿತ್ತು.

ಅತ್ತೆ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ! ನಮ್ಮವ್ವ ಬಂದವ್ಳೆ ಕಣ್ರೋ! ಇವನ್ನ ಲೇ ಅನ್ನೋರು ಅವಳ್ನ ಬಿಟ್ರೆ ಇನ್ ಯಾರವ್ರೆ!"

ಎಲ್ಲರೂ ಕೈ ಮುಗಿದರು. ಮಾವ ತಲೆಯ ರುಮಾಲು ತೆಗೆದು ನೆಲಕ್ಕೆ ಮಂಡಿ ಊರಿದರು.

"ತಾಯೀ, ನನ್ ಮಗಳು ಈ ಮನೆಗೆ ಬತ್ತಾಳೆ. ನಿನ್ ಒಪ್ಗೆ ಐತಾ? ಏನ್ ಬೇಕು ಕೇಳು, ನಡೆಸ್ತೀವಿ."

"ಬೆಲ್ಲ," ಎಂದಳು ನನ್ನ ತಂಗಿ. "ಬೆಲ್ಲ... ಬೆಲ್ಲ ಕೊಡು."

"ಸಿಹಿ ಕೇಳಿದ್ಲು!" ಮಾವ ಅಪ್ಪನ ಕೈ ಹಿಡಿದುಕೊಂಡರು. "ಸಿಹಿ ಕೇಳಿದ್ಲು ಅಂದ್ರೆ ಒಪ್ಗೆ ಕಣಯ್ಯಾ! ಇನ್ನೇನ್ ಬೇಕು?"

"ನಮ್ಮವ್ವಂಗೆ ಬೆಲ್ಲ ಅಂದ್ರೆ ಪ್ರಾಣ," ಎಂದು ಅತ್ತೆ ಅಳತೊಡಗಿದಳು. ಅವ್ವ ಓಡಿಹೋಗಿ ಒಂದು ಅಚ್ಚು ಬೆಲ್ಲ ತಂದಳು. ತಂದು ಎಡೆಯ ಎಲೆಯ ಮೇಲೆ, ಅಜ್ಜಿಯ ಸೀರೆಯ ಮುಂದೆ ಇಟ್ಟಳು.

ತಂಗಿ ಅದನ್ನು ನೋಡಲಿಲ್ಲ. ಅವಳು ಪಡಸಾಲೆಯ ಗೂಟದ ಕಡೆ ನೋಡುತ್ತಿದ್ದಳು. ಅಲ್ಲಿ ನನ್ನ ಅಂಗಿ ಇತ್ತು. ಅಪ್ಪ ನನ್ನ ಮುಖ ನೋಡಿ, ಆಮೇಲೆ ಮಾವನ ಮುಖ ನೋಡಿ, ಮತ್ತೆ ನನ್ನ ಮುಖ ನೋಡಿದರು. ನನ್ನ ತಲೆಯೊಳಗೆ ಡಾಕ್ಟರು ಹೇಳಿದ್ದೆಲ್ಲ ಒಂದಾದ ಮೇಲೊಂದು ಬರುತ್ತಿತ್ತು. ಬೆವರು. ನಡುಕ. ಸಿಟ್ಟು. ಕುಡಿದವರ ಮಾತು. ನಾನು ಎರಡೂ ಕೈ ಜೋಡಿಸಿದೆ. ನನಗೆ ಭಯವಾಗಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಏನೂ ಆಗಿರಲಿಲ್ಲ. ಕೈ ಮಾತ್ರ ಮುಗಿದಿತ್ತು.

ಎಡೆಯ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಆಚೆ ಬಂದೆವು. ತಂಗಿ ಹೊಸ್ತಿಲ ಹತ್ತಿರವೇ ಕುಸಿದಳು. ಕೈಕಾಲು ಸೆಟೆದು ಒದರಿದವು, ಹಲ್ಲು ಕಚ್ಚಿಕೊಂಡಿತು. "ಅವ್ವ ಇಳಿದೋದ್ಲು. ಯಾರೂ ಮುಟ್ಬ್ಯಾಡಿ, ಮಲೀಕಳ್ಲಿ," ಎಂದಳು ಅತ್ತೆ. ಅರಿಶಿನದ ನೀರು ಚಿಮುಕಿಸಿದಳು. ಆಮೇಲೆ ಬಾಗಿಲು ತೆಗೆದು ಎಲೆ ಹಾಕಿದರು. ನಾನು ಬಡಿಸಿದೆ. ಮಾವ ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು. ಪಡಸಾಲೆಯಿಂದ ಅವಳ ಗೊರಕೆಯಂಥ ಉಸಿರು ಕೇಳಿಸುತ್ತಿತ್ತು.

ಮಾವ ಕೈ ತೊಳೆಯಲು ಹೋದಾಗ ನಾನು ಗೂಟದ ಅಂಗಿಯಿಂದ ಬೆಲ್ಲ ತೆಗೆದೆ. ಬೆರಳಿನಲ್ಲಿ ಪುಡಿ ಮಾಡಿ ಅವಳ ಕೆನ್ನೆಯೊಳಗೆ ಸವರಿದೆ. ಮತ್ತೆ ಸವರಿದೆ. ಅವಳು ಕಣ್ಣು ಬಿಟ್ಟಿದ್ದು ದನಗಳು ಮನೆಗೆ ಬರುವ ಹೊತ್ತಿಗೆ. ತಲೆ ಹಿಡಿದುಕೊಂಡು, ತೊದಲುತ್ತ ಕೇಳಿದಳು.

"ಅಣ್ಣಾ... ನಾನು ಬೈದ್ನಾ?"

ಅವಳು ನನಗೆ ಇನ್ನೊಂದು ಅವಕಾಶ ಕೊಟ್ಟಿದ್ದಳು. ಅಪ್ಪ, ಮಾವ ಜಗಲಿಯಲ್ಲಿ ಲಗ್ನದ ಮಾತಾಡುತ್ತಿದ್ದರು.

"ಇಲ್ಲ ಕಣಮ್ಮಿ," ಎಂದೆ. "ಅಜ್ಜಿ ಬಂದಿದ್ಲು, ನಿನ್ ಮೈ ಮ್ಯಾಲೆ."

ಅವಳು ನಂಬಿದಳು. ಅಣ್ಣ ಹೇಳಿದ್ದಲ್ಲವೇ.

ಆ ದಿನದ ಮೇಲೆ ಅವಳು ಮೊದಲಿನಂತಾಗಲಿಲ್ಲ. ಬಲಗೈಯಲ್ಲಿ ಹಿಡಿದದ್ದು ಜಾರುತ್ತಿತ್ತು. ಚೊಂಬನ್ನು ತೋರಿಸಿ ಅದರ ಹೆಸರು ಹುಡುಕುತ್ತಿದ್ದಳು. ಲೆಕ್ಕದ ಪುಸ್ತಕ ತೆಗೆದು ಬಹಳ ಹೊತ್ತು ನೋಡಿ ಮುಚ್ಚಿಡುತ್ತಿದ್ದಳು. ಆ ವರ್ಷವೇ ಸ್ಕೂಲು ಬಿಟ್ಟಿತು. ಹಾಸನಕ್ಕೆ ಔಷಧಿಗೆ ಹೋದಾಗ ಡಾಕ್ಟರು ಅವಳ ಕೈ ಹಿಡಿದು ನೋಡಿ, ಏನಾಯಿತು ಎಂದು ಕೇಳಿದರು. ಒಂದಿನ ಊಟ ತಡವಾಯಿತು ಎಂದೆ. ಅವರು ನನ್ನನ್ನು ನೋಡಿದರು. ಜಾಣ ಎನ್ನಲಿಲ್ಲ, ಬೈಯಲೂ ಇಲ್ಲ.

ನನ್ನ ಮದುವೆಯಾಯಿತು. ಬಂದ ಕೆಲವೇ ದಿನಕ್ಕೆ ಹೆಂಡತಿ ಮರಳಿನ ಕುಡಿಕೆಯಲ್ಲಿದ್ದ ಸೀಸೆ ಕಂಡಳು. ಹೇಳಲೇಬೇಕಾಯಿತು. "ಸಕ್ರೆ ಕಾಯ್ಲೆನಾ? ನಮ್ಮವ್ವನ ಅಣ್ಣಂಗೂ ಐತಲ್ಲ," ಎಂದಳು. ನಿಮ್ಮಪ್ಪನಿಗೆ ಮೊದಲೇ ಗೊತ್ತಾಗಿದ್ದರೆ ಏನು ಮಾಡುತ್ತಿದ್ದರು ಎಂದೆ. "ಏನ್ ಮಾಡ್ತಿದ್ರು? ಪಥ್ಯ ಇಂಗಿಂಗೆ ಮಾಡ್ರಪ್ಪ ಅನ್ನೋರು," ಎಂದು ರೊಟ್ಟಿ ತಟ್ಟತೊಡಗಿದಳು. ನಾನು ಎದ್ದು ಹೊಲಕ್ಕೆ ಹೋದೆ. ಅವತ್ತು ಹೊಲದಲ್ಲಿ ಕೆಲಸವೇನೂ ಇರಲಿಲ್ಲ.

ಮುಂದಿನ ವರ್ಷ ಮತ್ತೆ ಪಕ್ಷ ಬಂತು. ಹುಡುಗಿಯ ಮೈ ಮೇಲೆ ಅಜ್ಜಿ ಬರುತ್ತಾಳೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಅಪ್ಪಣೆ ಕೇಳಲು ಅಕ್ಕಪಕ್ಕದವರೂ ಬರುವವರಿದ್ದರು. ಅತ್ತೆ ತಂಗಿಗೆ ಹಿಂದಿನ ರಾತ್ರಿಯ ಊಟವನ್ನೂ ಬಿಡಿಸಿದಳು. "ಮಡೀಲಿದ್ರೆ ಬೇಗ ಬತ್ತಾಳೆ," ಎಂದಳು. ತಂಗಿಯೂ ಒಪ್ಪಿಕೊಂಡಿದ್ದಳು. ಸ್ಕೂಲು ಹೋದ ಮೇಲೆ ಅವಳ ಪಾಲಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ಹೊಸ ಸೀರೆ ಉಟ್ಟು, ಕೂದಲು ಬಾಚಿಸಿಕೊಂಡು ಕೂತಿದ್ದಳು.

ಬೆಳಿಗ್ಗೆ ನಾನು ಔಷಧಿಯನ್ನು ಅರ್ಧ ಮಾತ್ರ ಎಳೆದೆ. ಬಾಯಿ ಬಿಡದೆ ಪಾರಾಗುವ ಉಪಾಯ. ಹೆಂಡತಿಗೆ ಹೇಳಿ ಒಂದು ಲೋಟ ಹಾಲು ಕಳಿಸಿದೆ. ತಂಗಿ ಕುಡಿಯಲಿಲ್ಲ. "ಅಜ್ಜಿ ಬರಾಕಿಲ್ಲ ಆಮೇಲೆ," ಎಂದಳಂತೆ.

ಅರ್ಧ ಔಷಧಿಯೇ ಹೆಚ್ಚಾಯಿತು. ಎಡೆಯ ಕೋಣೆಯಲ್ಲಿ ಜನ ತುಂಬಿದ್ದರು. ಮಾವನೂ ಬಂದಿದ್ದರು. ಅಪ್ಪ ಕೆಂಡಕ್ಕೆ ಧೂಪ ಹಾಕುವ ಮುಂಚೆಯೇ ನಾನು ಅವಳ ಕತ್ತಿನ ಹಿಂದೆ ನೋಡಿದೆ. ಹೊಸ ಸೀರೆಯ ಅಂಚಿಗೆ ಬೆವರು ಇಳಿಯುತ್ತಿತ್ತು. ತುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆಮೇಲೆ ನಡುಕ ಬಂತು.

"ಬಂದ್ಲು!" ಎಂದಳು ಅತ್ತೆ. "ಕೇಳ್ರಪ್ಪಾ, ಏನೇನ್ ಕೇಳ್ಬೇಕೋ ಕೇಳ್ಕಳಿ."

ನಾನು ಜನರ ನಡುವೆ ದಾರಿ ಮಾಡಿಕೊಂಡು ಪಡಸಾಲೆಗೆ ಹೋದೆ. ಗೂಟದಲ್ಲಿದ್ದ ಅಂಗಿಯ ಜೇಬಿಗೆ ಕೈ ಹಾಕಿದೆ. ವಾಪಸು ಬಂದು ತಂಗಿಯ ಪಕ್ಕ ಕೂತು, ಗಲ್ಲ ಹಿಡಿದು, ಬೆಲ್ಲವನ್ನು ಬಾಯಿಗೆ ಇಟ್ಟೆ.

"ಚೀಪು. ಚೀಪಮ್ಮಿ."

"ಅಯ್ಯೋ ಪಾಪಿ! ಎಡೆ ಎಂಜ್ಲು ಮಾಡ್ಬುಟ್ಟ!" ಅತ್ತೆ ನನ್ನ ಕೂದಲು ಹಿಡಿದೆಳೆದಳು. "ಏನ್ಲಾ ಬಂದೈತೆ ನಿಂಗೆ? ನಮ್ಮವ್ವ ಅಸ್ಕೊಂಡು ಓಯ್ತಾಳಲ್ಲೋ!"

"ಅಜ್ಜಿ ಬಂದಿಲ್ಲ, ಅತ್ತೆ. ಓದ್ ವರ್ಸನೂ ಬಂದಿರ್ಲಿಲ್ಲ. ಇದು ಸಕ್ರೆ ಕಮ್ಮಿಯಾಗಿರಾದು. ಸೂಜಿ ಆಕಿ ಅನ್ನ ಕೊಡ್ದೆ ಓದ್ರೆ ಇಂಗಾಯ್ತದೆ. ಡಾಕ್ಟ್ರು ನಂಗೆ ಹೇಳಿದ್ರು."

ಅಪ್ಪ ತಲೆ ತಗ್ಗಿಸಿದರು. ಮಾವ ಕೈಯಲ್ಲಿದ್ದ ರುಮಾಲನ್ನು ಮಡಿಸುತ್ತ, ಬಿಚ್ಚುತ್ತ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ. ತಂಗಿಯ ಬಾಯನ್ನೇ ನೋಡುತ್ತಿದ್ದೆ. ದವಡೆ ಮೆಲ್ಲಗೆ ಆಡುತ್ತಿತ್ತು. ಬೆಲ್ಲದ ರಸ ತುಟಿಯ ಮೂಲೆಯಿಂದ ಇಳಿಯಿತು. ಒರೆಸಿ ಇನ್ನೊಂದು ಚೂರು ಇಟ್ಟೆ. ಕೆಂಡದ ಮೇಲೆ ಧೂಪ ಬೀಳದೆ ಕೆಂಡ ಬೂದಿಯಾಗುತ್ತಿತ್ತು. ನಡುಕ ನಿಂತಿತು. ಕಣ್ಣು ನಿಧಾನವಾಗಿ ಒಬ್ಬೊಬ್ಬರನ್ನೇ ದಾಟಿ ಬಂದು ನನ್ನ ಮೇಲೆ ನಿಂತಿತು.

"ಅಣ್ಣಾ," ಎಂದಳು. "ನಾನು ಬೈದ್ನಾ? ಅಜ್ಜಿ ಬಂದಿದ್ಲಾ?"

ಅವಳ ಬಲಗೈ ನನ್ನ ಕೈಯಲ್ಲಿತ್ತು. ಅದಕ್ಕೆ ಹಿಡಿಯುವ ಶಕ್ತಿ ಇರಲಿಲ್ಲ. ನಾನೇ ಹಿಡಿದುಕೊಂಡೆ. ಮನೆಯವರಿಗೆಲ್ಲ ಕೇಳುವಂತೆ ಹೇಳಿದೆ.

"ಅಜ್ಜಿ ಬಂದಿರ್ಲಿಲ್ಲ ಕಣವ್ವಾ. ಓದ್ ವರ್ಸ ನೀನು ಬೆಲ್ಲ ಕೇಳ್ದೆ. ನಂಗೆ ಗೊತ್ತಿತ್ತು. ಜೇಬಲ್ಲೇ ಇತ್ತು. ಕೊಡ್ಲಿಲ್ಲ. ಆಮೇಲೆ ಸುಳ್ಳು ಹೇಳ್ದೆ. ತಪ್ಪಾಯ್ತು ಕಣವ್ವಾ, ನಂದು ತಪ್ಪಾಯ್ತು."